ತಾತನ ಕಾಲದ ನಂಬಿಕೆ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ

ಪ್ರಶ್ನೆ: ಮೈಸೂರಿನಲ್ಲಿ ಹಳೆಯ ಮನೆಗಳ ದುರಸ್ತಿ ಮತ್ತು ನವೀಕರಣ ನಮ್ಮ ಕಸುಬು. ತಾತ ಗಾರೆ ಮೇಸ್ತ್ರಿಯಾಗಿದ್ದರು. ತಂದೆ ಅದನ್ನು ಗುತ್ತಿಗೆ ವ್ಯವಹಾರವಾಗಿ ಬೆಳೆಸಿದರು. ನಾನು ಸಿವಿಲ್ ಎಂಜಿನಿಯರಿಂಗ್ ಓದಿ ಅವರ ಜೊತೆಗೇ ಇದ್ದೇನೆ. ಲೆಕ್ಕಪತ್ರ ಬರೆಯುವುದು, ಸಾಮಾನು ತರಿಸುವುದು ತಂಗಿಯ ಜವಾಬ್ದಾರಿ. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಲವು ಮನೆಗಳಿಗೆ ಮೂರು ತಲೆಮಾರಿನಿಂದ ನಾವೇ ಹೋಗುತ್ತಿದ್ದೇವೆ. ಈಗ ದೊಡ್ಡ ಕಂಪನಿಗಳು ಮೊಬೈಲಿನಲ್ಲೇ ದರ ಹೇಳಿ, ಒಂದೂವರೆ ತಿಂಗಳಲ್ಲಿ ಕೆಲಸ ಮುಗಿಸಿಕೊಡುತ್ತೇವೆ ಎನ್ನುತ್ತಿವೆ. ಸಂಬಂಧ ಕಾಪಾಡಿಕೊಂಡರೆ ಕೆಲಸ ತಾನಾಗಿ ಬರುತ್ತದೆ ಎಂಬುದು ತಂದೆಯವರ ಮಾತು. ಈ ಸಂಬಂಧ ಕಟ್ಟಿಕೊಂಡೇ ನಾವು ಬೆಳೆಯಲಿಲ್ಲ, ಮನೆ ಅಡವಿಟ್ಟು ಸಾಲ ತೆಗೆದು ಅಪಾರ್ಟ್‌ಮೆಂಟ್ ಕಟ್ಟೋಣ ಎಂದು ಚಿಕ್ಕಪ್ಪನ ಮಗ ಒತ್ತಾಯಿಸುತ್ತಿದ್ದಾನೆ. ಯಾರ ಮಾತು ಸರಿ? ನನ್ನ ಮಕ್ಕಳ ಕಾಲಕ್ಕೂ ಈ ಕಸುಬು ಉಳಿಯುತ್ತದೆಯೇ?

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ಹಳೆಯ ಮನೆಗಳ ಕೆಲಸದಲ್ಲಿ ಗುಣಮಟ್ಟವೇ ಸಂಬಂಧದ ಮೇಲೆ ನಿಂತಿರುತ್ತದೆ. ಅದು ಏಕೆ ಎಂಬುದನ್ನು ಮೊದಲು ವಿವರವಾಗಿ ಹೇಳುತ್ತೇನೆ. ಆದರೆ ನಿಮ್ಮ ಪತ್ರವನ್ನು ಓದಿದರೆ ಆ ಸಂಬಂಧವೆಲ್ಲ ಇವತ್ತು ತಂದೆಯವರೊಬ್ಬರ ನೆನಪಿನಲ್ಲಿ ಮತ್ತು ಮಾತಿನಲ್ಲಿ ಮಾತ್ರ ಇರುವಂತೆ ಕಾಣುತ್ತದೆ. ಅದು ಕಾಗದಕ್ಕೆ, ಲೆಕ್ಕಕ್ಕೆ, ನಿಮ್ಮ ಬಳಿ ದುಡಿಯುವವರ ಬದುಕಿಗೆ ಇಳಿಯದಿದ್ದರೆ ಅವರ ಕಾಲಕ್ಕೇ ಮುಗಿಯುತ್ತದೆ. ಚಿಕ್ಕಪ್ಪನ ಮಗನ ಪ್ರಸ್ತಾಪಕ್ಕೆ ಕೊನೆಯಲ್ಲಿ ಬರುತ್ತೇನೆ.

ಖಾಲಿ ನಿವೇಶನದಲ್ಲಿ ಹೊಸ ಮನೆ ಕಟ್ಟುವವನಿಗೆ ಎಲ್ಲವೂ ನಕ್ಷೆಯಲ್ಲೇ ಕಾಣುತ್ತದೆ. ಎಷ್ಟು ಕಬ್ಬಿಣ, ಎಷ್ಟು ಸಿಮೆಂಟ್ ಎಂದು ಮೊದಲೇ ಲೆಕ್ಕ ಹಾಕಬಹುದು. ಹಳೆಯ ಮನೆಯಲ್ಲಿ ಆ ಅನುಕೂಲ ಇಲ್ಲ. ನಿಮ್ಮ ಕಡೆಯ ಮದ್ರಾಸ್ ತಾರಸಿಯ ಮನೆಯನ್ನೇ ತೆಗೆದುಕೊಳ್ಳಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿ ಬಡಿದು ಗಟ್ಟಿ ಮಾಡಿರುತ್ತಾರೆ. ಅಡುಗೆಮನೆಯ ಸೂರಿನಲ್ಲಿ ತೇವದ ಕಲೆ ಕಂಡರೆ ನೀರು ಅಲ್ಲೇ ಇಳಿದಿದೆ ಎಂದೇನಿಲ್ಲ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಇಳಿದ ನೀರು ಇಟ್ಟಿಗೆಯ ಸಂದುಗಳಲ್ಲಿ ಹರಿದು ನಾಲ್ಕಾರು ಅಡಿ ಆಚೆ ಕಾಣಿಸಿಕೊಳ್ಳಬಹುದು. ತೊಲೆ ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ ಗೋಡೆಯೊಳಗೆ ಹೂತಿರುವ ತುದಿ ಪುಡಿಯಾಗಿರಬಹುದು. ಗೋಡೆ ಬಿಚ್ಚುವ ತನಕ ಅದು ದೇವರಿಗೂ ಗೊತ್ತಾಗುವುದಿಲ್ಲ.

ಇಂಥ ಮನೆಗೆ ಮೊಬೈಲಿನಲ್ಲೇ ನಿಗದಿತ ದರ ಹೇಳುವವನಿಗೆ ಉಳಿಯುವುದು ಎರಡೇ ದಾರಿ. ಏನು ಬೇಕಾದರೂ ಸಿಗಬಹುದೆಂದು ದರವನ್ನು ಮೊದಲೇ ಏರಿಸಿಡಬೇಕು, ಇಲ್ಲವೇ ಏನೇ ಸಿಕ್ಕರೂ ಮುಚ್ಚಿಬಿಡಬೇಕು. ತೊಲೆಯ ತುದಿ ಕೊಳೆತಿದ್ದರೂ ಕೆಳಗೆ ಜಿಪ್ಸಮ್ ಸೀಲಿಂಗ್ ಕೂರಿಸಿ ದೀಪ ಹಾಕಿದರೆ ಮನೆಯವರಿಗೆ ತಿಳಿಯುವುದೇ ಇಲ್ಲ. ‘ಬಿಚ್ಚಿ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಇದು ಅಂದಾಜು ಮಾತ್ರ’ ಎಂದು ಹೇಳಲು ಗುತ್ತಿಗೆದಾರನಿಗೆ ಧೈರ್ಯ ಬೇಕು, ಕೇಳಿಸಿಕೊಳ್ಳಲು ಮನೆಯವರಿಗೆ ತಾಳ್ಮೆ ಬೇಕು. ಹಳೆಯ ಪರಿಚಯವಿಲ್ಲದೆ ಇವೆರಡೂ ಒಂದೇ ಕಡೆ ಸೇರುವುದು ಅಪರೂಪ.

ಗೋಡೆಯ ಗಿಲಾವಿನ ವಿಷಯವೂ ಅಷ್ಟೇ. ಹಳೆಯ ಮನೆಗಳ ತಳಪಾಯದ ಮೇಲೆ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ತೇವ ಗೋಡೆಯಲ್ಲಿ ಏರುತ್ತಿರುತ್ತದೆ, ಸುಣ್ಣದ ಗಿಲಾವಿನ ಮೂಲಕ ಆರುತ್ತಲೂ ಇರುತ್ತದೆ. ಅದನ್ನು ಕೆತ್ತಿ ಸಿಮೆಂಟ್ ಗಿಲಾವು ಮಾಡಿದರೆ ಆರುವ ದಾರಿ ಮುಚ್ಚುತ್ತದೆ, ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಅದರ ಜೊತೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ, ಕೆಲವು ವರ್ಷಗಳಲ್ಲಿ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಗಿಲಾವು ಕಳಚಿ ಬೀಳುತ್ತದೆ. ಸಿಮೆಂಟಿನ ಕೆಲಸ ಬೇಗ ಮುಗಿಯುತ್ತದೆ, ಬಿಲ್ಲೂ ಬೇಗ ಆಗುತ್ತದೆ. ಸುಣ್ಣವನ್ನು ತೆಳುವಾಗಿ ಪದರ ಪದರವಾಗಿ ಬಳಿಯಬೇಕು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವವರೆಗೆ ಕಾಯಬೇಕು. ಮೊದಲ ವರ್ಷ ನೋಡಲು ಎರಡೂ ಗೋಡೆಗಳು ಒಂದೇ. ಕೆಲವು ಮಳೆಗಾಲ ಕಳೆದ ಮೇಲೆ ಬಣ್ಣ ಬಯಲಾಗುತ್ತದೆ. ಆಗಲೂ ಅದೇ ಬೀದಿಯಲ್ಲಿ ಓಡಾಡಬೇಕಾದವನು, ಆ ಮನೆಯ ಮದುವೆ ಮುಂಜಿಗೆ ಹೋಗಿ ಅದೇ ಗೋಡೆಯ ಪಕ್ಕದಲ್ಲಿ ಎಲೆಯ ಮುಂದೆ ಕೂರಬೇಕಾದವನು ಇವತ್ತು ಸುಣ್ಣವೇ ಆಗಬೇಕೆಂದು ವಾದಿಸುತ್ತಾನೆ. ಸಂಬಂಧದ ಲಾಭ ಇದೇ. ಕೆಲಸದ ಫಲವನ್ನು ಕಣ್ಣಾರೆ ಕಾಣಬೇಕಾದವನಿಗೆ ಮುಚ್ಚಿಹಾಕುವ ಮನಸ್ಸು ಬರುವುದಿಲ್ಲ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದನ್ನು ಕಂಡ ಊರು ನಿಮ್ಮದು. ಸುಣ್ಣದ ಕಟ್ಟಡದ ಸ್ವಭಾವ ಬಲ್ಲ ಕೈಗಳಿಗೆ ಅಲ್ಲಿ ಕೆಲಸದ ಬರ ಬರುವುದಿಲ್ಲ. ಪ್ರಶ್ನೆ ಇರುವುದು ಆ ಕೈಗಳನ್ನು, ಆ ತಿಳಿವನ್ನು ಮುಂದಿನವರಿಗೆ ದಾಟಿಸುವುದರಲ್ಲಿ.

ಯಾವ ಮನೆಯ ಸಂಪು ಎಲ್ಲಿದೆ, ಯಾವ ಬಚ್ಚಲಿನ ಪೈಪು ಯಾವ ಗೋಡೆಯೊಳಗೆ ತಿರುಗಿದೆ, ಯಾವ ವರ್ಷ ಯಾವ ತೊಲೆ ಬದಲಾಯಿತು ಎಂಬುದೆಲ್ಲ ನಿಮ್ಮ ತಂದೆಯವರಿಗೆ ಬಾಯಿಪಾಠವಾಗಿರುತ್ತದೆ. ಅದರಲ್ಲಿ ನಿಮಗೆಷ್ಟು ಗೊತ್ತು? ಪ್ರತಿ ಮನೆಗೂ ಒಂದು ಕಡತ ಮಾಡಿ. ಗೋಡೆ ಮುಚ್ಚುವ ಮುನ್ನ, ಪೈಪು ಮತ್ತು ವೈರಿನ ಕೊಳವೆಗಳು ಇನ್ನೂ ತೆರೆದಿರುವಾಗಲೇ, ಅಳತೆ ಟೇಪನ್ನು ಗೋಡೆಗೆ ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಎಂಬುದು ಫೋಟೋದಲ್ಲೇ ಓದುವಂತಿರಬೇಕು. ಬಣ್ಣದ ಡಬ್ಬಿಯ ಮೇಲಿನ ಶೇಡ್ ಸಂಖ್ಯೆ, ಟೈಲ್ಸ್ ಪೆಟ್ಟಿಗೆಯ ಬ್ಯಾಚ್ ಸಂಖ್ಯೆ, ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಲು ಬಳಸಿದ ವಸ್ತು, ನೀರು ಕಟ್ಟಿ ಪರೀಕ್ಷೆ ಮಾಡಿದ ದಿನ, ಇವನ್ನೆಲ್ಲ ಬರೆದಿಡಿ. ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ. ಕೊಟ್ಟರೆ ಬೇರೆಯವರನ್ನು ಕರೆಸಿಕೊಳ್ಳುತ್ತಾರೆ ಎಂದು ಹೆದರುವವರಿದ್ದಾರೆ. ನನ್ನ ಅನುಭವ ಅದಕ್ಕೆ ತದ್ವಿರುದ್ಧ. ತಂದೆಯವರ ಪರಿಚಯ ಆ ಮನೆಯ ಯಜಮಾನರ ಜೊತೆಗಿತ್ತು. ಯಜಮಾನರು ತೀರಿಕೊಂಡ ಮೇಲೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗಳಿಗೆ ನೀವು ಯಾರೆಂದೇ ತಿಳಿಯದು. ಬೀರುವಿನಲ್ಲಿ ಆ ಕಡತ ಸಿಕ್ಕರೆ ಅದರ ಮೇಲಿರುವ ಹೆಸರಿಗೆ ಅವರು ಫೋನ್ ಮಾಡುತ್ತಾರೆ. ಹಳೆಯ ಮನೆಗಳ ಕೆಲಸವನ್ನು ತಂದೆಯವರ ಜೊತೆ ಹೋಗಿ, ಅವರಿಂದ ಹೇಳಿಸಿ ಬರೆದುಕೊಳ್ಳುವುದನ್ನು ಈ ತಿಂಗಳೇ ಶುರು ಮಾಡಿ. ಬೇರೆ ಏನನ್ನು ಮುಂದೂಡಿದರೂ ಇದನ್ನು ಮುಂದೂಡಬೇಡಿ.

ಇನ್ನು ದಾಕ್ಷಿಣ್ಯ. ಮನೆತನದ ವ್ಯವಹಾರಗಳನ್ನು ನಷ್ಟಕ್ಕೆ ದೂಡುವುದರಲ್ಲಿ ಇದರ ಪಾತ್ರ ಪೈಪೋಟಿಗಿಂತ ದೊಡ್ಡದು ಎಂದು ನಾನು ನಂಬಿದ್ದೇನೆ. ‘ಅವರು ನಮ್ಮ ತಂದೆಯ ಕಾಲದವರು, ಹೇಗೆ ಕೇಳುವುದು’ ಎಂದು ಹೆಚ್ಚುವರಿ ಕೆಲಸದ ಹಣ ಕೇಳುವುದಿಲ್ಲ. ಕೊನೆಯ ಕಂತು ವರ್ಷಗಟ್ಟಲೆ ಬಾಕಿ ಉಳಿಯುತ್ತದೆ. ಆಮೇಲೆ ಆ ಬೀದಿಗೆ ಹೋಗುವುದೇ ಕಸಿವಿಸಿಯಾಗಿ, ಯಾವ ಸಂಬಂಧ ಉಳಿಯಲೆಂದು ಬಾಯಿ ಮುಚ್ಚಿಕೊಂಡಿರೋ ಅದೇ ಹಳಸುತ್ತದೆ. ಹೆಚ್ಚುವರಿ ಕೆಲಸ ಬಂದ ದಿನವೇ ಒಂದು ಚೀಟಿ ಬರೆಯಿರಿ: ಏನು ಸಿಕ್ಕಿತು, ಏನು ಮಾಡಬೇಕು, ಎಷ್ಟಾಗುತ್ತದೆ. ಮನೆಯವರ ಸಹಿ ಬಿದ್ದ ಮೇಲೆ ಕರಣೆ ಎತ್ತಿಕೊಳ್ಳಿ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಪಡೆಯಿರಿ. ತಾರಸಿಯ ಕೆಲಸವಾದರೆ ಕೊನೆಯ ಶೇಕಡಾ 5 ಮೊತ್ತವನ್ನು ಒಂದು ಮಳೆಗಾಲ ಕಳೆದು, ಸೋರಿಲ್ಲ ಎಂದು ಖಾತ್ರಿಯಾದ ಮೇಲೆ ತೆಗೆದುಕೊಳ್ಳುತ್ತೇನೆ ಎಂದು ನೀವೇ ಬರೆದುಕೊಡಿ. ಆ ಒಂದು ಸಾಲು ಯಾವ ಜಾಹೀರಾತಿಗಿಂತಲೂ ಹೆಚ್ಚು ಮಾತನಾಡುತ್ತದೆ.

ಮೊಬೈಲಿನಲ್ಲೇ ದರ ಹೇಳುವ ಕಂಪನಿಗಳಿಂದ ಕಲಿಯಬೇಕಾದದ್ದೂ ಇದೆ, ಅದರಲ್ಲಿ ನಾಚಿಕೆ ಬೇಡ. ಅವರು ಬಾಬುವಾರು ದರಪಟ್ಟಿ ಕೊಡುತ್ತಾರೆ, ದಿನಾಂಕ ಹೇಳುತ್ತಾರೆ, ಕರೆ ಮಾಡಿದರೆ ಉತ್ತರಿಸುತ್ತಾರೆ. ‘ನಾಳೆ ಬರುತ್ತೇವೆ’ ಎಂದು ಹೇಳಿ ವಾರಗಟ್ಟಲೆ ಬಾರದಿರುವುದನ್ನು ಮೂರು ತಲೆಮಾರಿನ ಪರಿಚಯವೂ ಹೆಚ್ಚು ದಿನ ತಡೆದುಕೊಳ್ಳುವುದಿಲ್ಲ. ಇನ್ನೊಂದು ಕಿವಿಮಾತು: ಪರಿಚಯದವರಿಗೆ ಒಂದು ದರ, ಊರಿಗೆ ಹೊಸಬರಿಗೆ ಇನ್ನೊಂದು ದರ ಎಂಬ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಇವತ್ತಿನ ಹೊಸಬರೇ ನಿಮ್ಮ ಮಕ್ಕಳ ಕಾಲದ ಹಳೆಯ ಪರಿಚಯದವರು.

ನಿಮ್ಮ ಪತ್ರದಲ್ಲಿ ಕೆಲಸಗಾರರ ಪ್ರಸ್ತಾಪವೇ ಇಲ್ಲ. ಅದು ನನಗೆ ಚುಚ್ಚಿತು. ನಮ್ಮ ಆಳುಗಳು ಮನೆಯವರ ಹಾಗೆ ಎಂದು ಹೇಳದ ಗುತ್ತಿಗೆದಾರನನ್ನು ನಾನು ಕಂಡಿಲ್ಲ. ಹಬ್ಬಕ್ಕೆ ಬಟ್ಟೆ, ಆಯುಧಪೂಜೆಗೆ ಸಿಹಿ ಎಲ್ಲವೂ ಸರಿ. ಆದರೆ ಅವರಿಗೆ ಕಾರ್ಮಿಕ ಕಾರ್ಡ್ ಆಗಿದೆಯೇ? ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಮಕ್ಕಳ ಓದಿಗೆ ನೆರವು, ಅಪಘಾತವಾದರೆ ಪರಿಹಾರ, ವಯಸ್ಸಾದ ಮೇಲೆ ಪಿಂಚಣಿಯಂಥ ಸೌಲಭ್ಯಗಳು ಅದರಲ್ಲಿವೆ. ಕೆಲಸ ಮಾಡಿದ್ದಾರೆಂದು ದೃಢೀಕರಿಸುವ ಒಂದು ಸಹಿಗೆ ಗುತ್ತಿಗೆದಾರರು ಹೆದರುತ್ತಾರೆ, ಎಲ್ಲಿ ತಮ್ಮ ತಲೆಗೆ ಬರುತ್ತದೋ ಎಂದು. ನಿಮ್ಮ ತಂಗಿ ಹಾಜರಿ ಪುಸ್ತಕವನ್ನು ಸರಿಯಾಗಿ ಇಟ್ಟಿದ್ದರೆ ಹೆದರಬೇಕಾದ್ದೇನೂ ಇಲ್ಲ. ಸಾರುವೆ ಗಟ್ಟಿಯಾಗಿರಲಿ, ಮೇಲೆ ಹತ್ತುವವನ ಸೊಂಟಕ್ಕೆ ಬೆಲ್ಟ್ ಇರಲಿ. ಬಟವಾಡೆ ಒಂದು ವಾರವೂ ತಪ್ಪದಿರಲಿ, ಗಿರಾಕಿಯಿಂದ ಹಣ ಬಂದಿಲ್ಲ ಎಂಬುದು ಕೂಲಿಯವನಿಗೆ ಹೇಳುವ ಕಾರಣವಲ್ಲ. ಒಳಗಿನ ಮರಗೆಲಸ, ನೆಲಗೆಲಸಗಳನ್ನು ಮಳೆಗಾಲಕ್ಕೆ ಹೊಂದಿಸಿಕೊಂಡರೆ ಆ ತಿಂಗಳುಗಳಲ್ಲೂ ಅವರ ಒಲೆ ಉರಿಯುತ್ತದೆ. ಕಷ್ಟಕ್ಕೆ ಮುಂಗಡ ಕೊಡಿ. ಆದರೆ ಅದು ತೀರುವವರೆಗೆ ಬೇರೆ ಕಡೆ ಹೋಗಕೂಡದು ಎಂದು ಹಿಡಿದಿಟ್ಟರೆ ಅದು ಜೀತ, 1976ರ ಕಾಯ್ದೆಯೇ ಅದನ್ನು ನಿಷೇಧಿಸಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿಗಳಲ್ಲಿ ಆಯದ ಪದ್ಧತಿ ಇತ್ತು. ಬಡಗಿ, ಕಮ್ಮಾರ ವರ್ಷವಿಡೀ ರೈತರ ನೇಗಿಲು, ಗಾಡಿ ರಿಪೇರಿ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಧಾನ್ಯದ ಪಾಲು ಪಡೆಯುತ್ತಿದ್ದರು. ತಲೆಮಾರುಗಟ್ಟಲೆ ಉಳಿದ ಸಂಬಂಧ ಅದು. ಆದರೆ ಬಡಗಿಯ ಮಗ ಬಡಗಿಯೇ ಆಗಬೇಕಿತ್ತು, ಪಾಲು ಕಡಿಮೆಯಾಯಿತೆಂದು ಎದ್ದು ಹೋಗುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಬಹಳ ಕಾಲ ಉಳಿದದ್ದೆಲ್ಲ ಒಳ್ಳೆಯದಲ್ಲ. ಹೋಗುವ ಅವಕಾಶವಿದ್ದೂ ಜನ ನಿಮ್ಮ ಬಳಿ ನಿಲ್ಲುವುದಾದರೆ ಮಾತ್ರ ಸಂಬಂಧದ ಬಗ್ಗೆ ಹೆಮ್ಮೆ ಪಡಬಹುದು. ಇದು ಕೆಲಸಗಾರರಿಗೆ ಎಷ್ಟು ಅನ್ವಯಿಸುತ್ತದೋ ನಿಮ್ಮ ಮಕ್ಕಳಿಗೂ ಅಷ್ಟೇ.

ಮಕ್ಕಳ ಕಾಲಕ್ಕೂ ಕಸುಬು ಉಳಿಯುತ್ತದೆಯೇ ಎಂದು ಕೇಳಿದಿರಲ್ಲ, ಅದಕ್ಕೆ ದೇಗುಲ ಕಟ್ಟುವ ಜಪಾನಿನ ಕೊಂಗೊ ಗುಮಿ ಸಂಸ್ಥೆಯ ಕಥೆ ಹೇಳುತ್ತೇನೆ. ಜಗತ್ತಿನ ಅತಿ ಹಳೆಯ ಕಂಪನಿಗಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಇದು. ರಾಜಕುಮಾರ ಶೊಟೊಕು ಒಸಾಕಾದಲ್ಲಿ ಶಿಟೆನ್ನೋಜಿ ಎಂಬ ಬೌದ್ಧ ದೇಗುಲ ಕಟ್ಟಿಸಲು ಕೊರಿಯಾದ ಬೆಕ್ಜೆ ರಾಜ್ಯದಿಂದ ಬಡಗಿಗಳನ್ನು ಕರೆಸಿದನೆಂದೂ, ಅವರಲ್ಲೊಬ್ಬರ ಮನೆತನ 578ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿತೆಂದೂ ಅಲ್ಲಿನ ಪರಂಪರೆ ಹೇಳುತ್ತದೆ. ದೇಗುಲ ಬೆಂಕಿಗೆ, ಬಿರುಗಾಳಿಗೆ, ಯುದ್ಧಕ್ಕೆ ಸಿಕ್ಕಿ ಮತ್ತೆ ಮತ್ತೆ ಹಾಳಾಯಿತು, ಅದನ್ನು ಎತ್ತಿ ನಿಲ್ಲಿಸಲು ಆ ಮನೆತನ ತಲೆಮಾರುಗಟ್ಟಲೆ ಹೋಯಿತು. ಒಂದೇ ದೇಗುಲ, ಸಾವಿರದ ನಾನೂರು ವರ್ಷಗಳ ನಂಟು!

ಅವರು ಉಳಿದದ್ದು ರಕ್ತಸಂಬಂಧವನ್ನು ಮಾತ್ರ ನೆಚ್ಚಿಕೊಂಡು ಅಲ್ಲ. ಹಿರಿಯ ಮಗನಿಗೆ ಯೋಗ್ಯತೆ ಇಲ್ಲದಿದ್ದರೆ ಬೇರೆಯವನಿಗೆ ಯಜಮಾನಿಕೆ ಹೋಗುತ್ತಿತ್ತು. ಗಂಡುಮಕ್ಕಳಿಲ್ಲದಿದ್ದರೆ ಅಳಿಯನನ್ನು ದತ್ತು ತೆಗೆದುಕೊಂಡು ಮನೆಯ ಹೆಸರು ಕೊಡುತ್ತಿದ್ದರು. 1930ರ ದಶಕದ ಆರಂಭದಲ್ಲಿ 37ನೇ ಯಜಮಾನ ಸಂಕಟದಲ್ಲಿ ಪ್ರಾಣ ಕಳೆದುಕೊಂಡಾಗ ಅವರ ಪತ್ನಿ ಯೋಶಿಯೆ ಸಂಸ್ಥೆಯ ಚುಕ್ಕಾಣಿ ಹಿಡಿದರು. 1934ರ ಬಿರುಗಾಳಿಗೆ ದೇಗುಲದ ಐದು ಅಂತಸ್ತಿನ ಗೋಪುರ ಉರುಳಿತು. ಅದನ್ನು ಮತ್ತೆ ಕಟ್ಟುವ ಹೊಣೆ ಆಕೆಯ ಹೆಗಲಿಗೆ ಬಂತು. ಯುದ್ಧದ ವರ್ಷಗಳಲ್ಲಿ ದೇಗುಲದ ಕೆಲಸ ನಿಂತಾಗ ಸಂಸ್ಥೆ ಮರದ ಪೆಟ್ಟಿಗೆ ಮಾಡಿ ಬಡಗಿಗಳ ಕೈಗೆ ಕೆಲಸ ಉಳಿಸಿತು. ಒಳಗೆ ಬಡಗಿಗಳ ಸ್ವತಂತ್ರ ತಂಡಗಳಿದ್ದವು, ತಂಡಕ್ಕೊಬ್ಬ ಹಿರಿಯ ಬಡಗಿ, ತಂಡ ತಂಡಗಳ ನಡುವೆ ಒಳ್ಳೆಯ ಕೆಲಸಕ್ಕಾಗಿ ಪೈಪೋಟಿ. ಹಿಂದಿನ ಯಜಮಾನರೊಬ್ಬರು ಬರೆದಿಟ್ಟ ನಿಯಮಗಳಲ್ಲಿ ಕುಡಿತಕ್ಕೆ ಬೀಳಬೇಡಿ, ಯಾರನ್ನೂ ಕೀಳಾಗಿ ಕಾಣಬೇಡಿ ಎಂಬುದರ ಜೊತೆಗೆ, ಅಂದಾಜು ಪಟ್ಟಿ ಪ್ರಾಮಾಣಿಕವಾಗಿರಲಿ ಎಂಬ ಮಾತೂ ಇದೆ.

ಇಷ್ಟೆಲ್ಲ ಇದ್ದ ಮನೆತನ ಎಡವಿದ್ದು ಎಲ್ಲಿ? 1980ರ ದಶಕದಲ್ಲಿ ಜಪಾನಿನ ಭೂಮಿಯ ಬೆಲೆ ಗಗನಕ್ಕೇರಿದಾಗ ಸಾಲ ತೆಗೆದು ಭೂಮಿಯಲ್ಲಿ ಹಣ ತೊಡಗಿಸಿದರು. ಬೆಲೆ ಕುಸಿಯಿತು, ಸಾಲ ಉಳಿಯಿತು. ದೇಗುಲಗಳ ಕೆಲಸದ ವರಮಾನ ಅದನ್ನು ಹೊರಲಿಲ್ಲ. 2006ರಲ್ಲಿ ತಕಮಾತ್ಸು ಎಂಬ ದೊಡ್ಡ ನಿರ್ಮಾಣ ಸಂಸ್ಥೆ ವ್ಯವಹಾರವನ್ನು ವಹಿಸಿಕೊಂಡಿತು, ಮನೆತನದ ಯಜಮಾನಿಕೆ 40ನೇ ತಲೆಗೆ ಕೊನೆಗೊಂಡಿತು. ಬಡಗಿಗಳ ತಂಡಗಳು ಅದೇ ಹೆಸರಿನಲ್ಲಿ ಇಂದಿಗೂ ದೇಗುಲಗಳ ಕೆಲಸ ಮಾಡುತ್ತಿವೆ. ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದನ್ನು ನಿಮ್ಮ ಚಿಕ್ಕಪ್ಪನ ಮಗನ ಜೊತೆ ಕುಳಿತು ಯೋಚಿಸಿ.

ಅವರಿಗೆ ಅಪಾರ್ಟ್‌ಮೆಂಟ್ ಕಟ್ಟುವ ಆಸೆ ಇರುವುದು ತಪ್ಪಲ್ಲ. ಆದರೆ ಅದು ಬೇರೆಯದೇ ವ್ಯಾಪಾರ. 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಎಂದಾದರೆ ಫ್ಲ್ಯಾಟ್ ಕೊಳ್ಳುವವರ ಹಿತ ಕಾಯುವ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿ ಬೇಕು, ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಅಲ್ಲಿ ಬೇಕಾದ ಬಂಡವಾಳ ಬೇರೆ, ಧೈರ್ಯ ಬೇರೆ, ಗಿರಾಕಿ ಬೇರೆ. ಬೇಕಿದ್ದರೆ ಅವರು ಬೇರೆ ಸಂಸ್ಥೆ ಮಾಡಿಕೊಂಡು ತಮ್ಮದೇ ಬಂಡವಾಳ, ತಮ್ಮದೇ ಜಾಮೀನಿನ ಮೇಲೆ ಮಾಡಲಿ. ನೀವು ವಾಸದ ಮನೆಯನ್ನು ಅಡವಿಡಬೇಡಿ, ಸಾಲಕ್ಕೆ ಜಾಮೀನು ಸಹಿಯನ್ನೂ ಹಾಕಬೇಡಿ. ಈ ಮಾತನ್ನು ಇವತ್ತು ಹೇಳಿದರೆ ಹಬ್ಬದ ಊಟಕ್ಕೆ ಒಂದೆರಡು ವರ್ಷ ಬಾರದೆ ಇದ್ದಾರು. ಹೇಳದೆ ಸಾಲ ಮುಳುಗಿದರೆ ಕೋರ್ಟಿನಲ್ಲೇ ಮುಖ ನೋಡಬೇಕಾಗುತ್ತದೆ.

ಉಳಿದದ್ದು ನಿಮ್ಮ ಸ್ವಂತ ವ್ಯವಹಾರದ ಕಾಗದಪತ್ರ. ಸಂಸ್ಥೆ ಯಾರ ಹೆಸರಿನಲ್ಲಿದೆ ಎಂದು ನೀವು ಬರೆದಿಲ್ಲ. ತಂದೆಯವರೊಬ್ಬರದೇ ಹೆಸರಿನಲ್ಲಿದ್ದರೆ ಅವರ ನಂತರ ಬ್ಯಾಂಕ್ ಖಾತೆ, ಜಿಎಸ್‌ಟಿ ನೋಂದಣಿ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾದೀತು. ಪಾಲುದಾರಿಕೆಯಾಗಿದ್ದರೆ, 1932ರ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳದಿದ್ದರೆ ಒಬ್ಬ ಪಾಲುದಾರ ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ನೀವು ಮತ್ತು ತಂದೆ ಇಬ್ಬರೇ ಇದ್ದರೆ ಬರೆದುಕೊಂಡರೂ ಪ್ರಯೋಜನವಿಲ್ಲ, ಒಬ್ಬರಿಂದ ಪಾಲುದಾರಿಕೆ ನಡೆಯುವುದಿಲ್ಲ. ತಂಗಿಯನ್ನು ಪಾಲುದಾರರನ್ನಾಗಿ ಸೇರಿಸಿಕೊಳ್ಳಿ. ಲೆಕ್ಕ, ಸಾಮಾನು, ಬಟವಾಡೆ ನೋಡಿಕೊಳ್ಳುವವರೇ ಸಂಸ್ಥೆಯನ್ನು ನಡೆಸುತ್ತಿರುವವರು. ಅವರ ಹೆಸರು ಕರಾರಿನಲ್ಲಿ ಇಲ್ಲದಿರುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಹಳೆಯ ಮೇಸ್ತ್ರಿ ಯಾರಾದರೂ ಸುಣ್ಣದ ಕೆಲಸ ಬಲ್ಲವರಿದ್ದರೆ ಅವರಿಗೆ ಲಾಭದಲ್ಲಿ ಒಂದಿಷ್ಟು ಪಾಲು ಗೊತ್ತುಮಾಡಿ, ಪ್ರತಿಯಾಗಿ ಅವರು ವರ್ಷಕ್ಕೊಬ್ಬ ಹುಡುಗನನ್ನಾದರೂ ತಯಾರು ಮಾಡಲಿ. ಪಾಲುದಾರಿಕೆಗೆ ಬದಲು 2008ರ ಕಾಯ್ದೆಯಡಿ ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಮಾಡಿಕೊಂಡರೆ ಪಾಲುದಾರರು ಬದಲಾದರೂ ಸಂಸ್ಥೆ ಮುಂದುವರಿಯುತ್ತದೆ, ಸಂಸ್ಥೆಯ ಸಾಲಕ್ಕೆ ನಿಮ್ಮ ಮನೆಯನ್ನು ಸಾಮಾನ್ಯವಾಗಿ ಎಳೆಯುವಂತಿಲ್ಲ. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ಒಬ್ಬ ಲೆಕ್ಕಪರಿಶೋಧಕರ ಬಳಿ ಕೇಳಿ. ಕರಡು ಸಿದ್ಧವಾದ ಮೇಲೆ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ, ಆ ಮಾತುಕತೆಗೆ ತಂದೆಯವರ ಜೊತೆ ತಂಗಿಯನ್ನೂ ಕರೆದುಕೊಂಡು ಹೋಗಿ.